ಎರಡನೇ ಚೀಲ ಕಾಯ್ದವರ ಹಾಡು

ನನ್ನ ಬಾಯಿಗೆ ಬಾರದ ಮಾತೇ ಇಲ್ಲ ಎಂದು ನಮ್ಮ ಮನೆಯವರು ಬಂದವರೆದುರಿಗೆಲ್ಲ ಹೇಳುತ್ತಾರೆ. ಸೊಪ್ಪಿನವಳ ಜತೆ ಚೌಕಾಸಿ, ನಲ್ಲಿ ನೀರು ಬಿಡುವವನಿಗೆ ಬೈಗುಳ, ಟೀವಿ ಧಾರಾವಾಹಿಯ ಅತ್ತೆಗೆ ಶಾಪ, ಎಲ್ಲ ಸರಾಗವಾಗಿ ಬರುತ್ತವೆ ನಿಜ. ಆದರೆ ಒಂದು ಮಾತು ಮಾತ್ರ ಈ ಜನ್ಮದಲ್ಲಿ ನನ್ನ ಬಾಯಿಂದ ಹೊರಗೆ ಬಂದಿಲ್ಲ. ಅದು ಹೀಗೆ ಹೇಳಿಕೊಂಡು ತಿರುಗುವ ಅವರ ಹೆಸರು. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂದು ನಮ್ಮ ಕಡೆ ನಂಬಿಕೆ. ಈಚೆಗೆ ಮೊಮ್ಮಗಳು ಫೋನಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಕಲಿಸಿದ್ದಾಳೆ. ಕೋಳಿ ಕಾಳು ಹೆಕ್ಕುವ ಹಾಗೆ ಒಂದೇ ಬೆರಳಿನಲ್ಲಿ ಒತ್ತುತ್ತಾ ಕೂತಿದ್ದೇನೆ. ಬಾಯಲ್ಲಿ ಹೇಳಿದರೆ ಆಯಸ್ಸು ಕಡಿಮೆ, ಸರಿ. ಬೆರಳಲ್ಲಿ ಒತ್ತಿದರೆ ಏನು ಗತಿ ಎಂದು ಯಾವ ಹಿರಿಯರೂ ಹೇಳಿ ಹೋಗಿಲ್ಲ. ಅನುಮಾನ ಇರುವ ಕಡೆ ಕೈ ಹಾಕದಿರುವುದೇ ಕ್ಷೇಮ. ಅದಕ್ಕೇ ಇಲ್ಲಿ ಅವರನ್ನು ‘ಇವರು’ ಎಂದೇ ಬರೆಯುತ್ತೇನೆ.

ಈ ವಿಷಯದಲ್ಲಿ ನಮ್ಮ ಅತ್ತೆಯ ಮುಂದೆ ನಾನು ಏನೂ ಅಲ್ಲ. ವರವು ಕಾವಲ್ ಎಂಬ ಹುಲ್ಲುಗಾವಲಿನ ಪಕ್ಕದ ಹಟ್ಟಿಯಲ್ಲಿ ಕುರಿ ಮೇಯಿಸಿಕೊಂಡು ಬೆಳೆದ ಗಟ್ಟಿ ಜೀವ ಅವರದು. ಮಾವನವರಿಗೆ ನಮ್ಮ ಸೀಮೆಯ ದೇವರ ಹೆಸರು. ಅದರಲ್ಲಿ ‘ತಿಪ್ಪೆ’ ಎಂಬ ಸದ್ದು ಬರುತ್ತಿತ್ತು. ಹಾಗಾಗಿ ಅತ್ತೆ ಕಸ ಸುರಿಯುವ ತಿಪ್ಪೆಯನ್ನೂ ತಿಪ್ಪೆ ಎನ್ನುತ್ತಿರಲಿಲ್ಲ, ‘ಗೊಬ್ಬರದ ಗುಡ್ಡೆ’ ಎನ್ನುತ್ತಿದ್ದರು. ಮಾವ ತೀರಿಕೊಂಡ ಮೇಲೂ ಗುಡ್ಡೆ ಗುಡ್ಡೆಯಾಗಿಯೇ ಉಳಿಯಿತು. ಇನ್ನು ಯಾರ ಆಯಸ್ಸು ಕಡಿಮೆಯಾಗಬೇಕು ಅತ್ತೆ ಎಂದು ನಾನು ಒಮ್ಮೆ ಕೇಳಿದ್ದಕ್ಕೆ, ಅಲ್ಲಿಗೆ ಹೋದಮೇಲೂ ಮನುಷ್ಯ ನೆಮ್ಮದಿಯಾಗಿರಬಾರದೇ ಎಂದು ನನ್ನನ್ನೇ ಗದರಿದರು. ನನ್ನದೂ ಅದೇ ಕಥೆ. ಓಟು ಹಾಕಲು ಹೋದಾಗ ಅಧಿಕಾರಿ ಗಂಡನ ಹೆಸರು ಕೇಳಿದ. ನಾನು ಮೂಗಿಯ ಹಾಗೆ ನಿಂತೆ. ಪಕ್ಕದಲ್ಲಿದ್ದ ನೇಕಾರರ ಗಂಗಕ್ಕ ನನ್ನ ಪರವಾಗಿ ಹೇಳಿದಳು. ಅವಳ ಗಂಡನ ಹೆಸರು ಕೇಳಿದಾಗ ನಾನು ಹೇಳಿದೆ. ಇಬ್ಬರ ಗಂಡಂದಿರನ್ನೂ ಒಬ್ಬರಿಗೊಬ್ಬರು ಕಾಪಾಡಿಕೊಂಡು ಮನೆಗೆ ಬಂದೆವು.

ಇವರ ಕಥೆ ಹೇಳಬೇಕು. ಮೊಳಕಾಲ್ಮೂರಿನ ಒಂದು ರೇಷ್ಮೆ ಸೀರೆ ಅಂಗಡಿಯಲ್ಲಿ ಸೀರೆ ತೋರಿಸುವ ಕೆಲಸ ಇವರದು. ಅಲ್ಲಿನ ರೀತಿ ಹೇಗೆಂದರೆ, ಅಟ್ಟದ ಮೇಲೆ ನಿಂತವನು ಮೇಲಿಂದ ಸೀರೆ ಎಸೆಯುತ್ತಾನೆ, ಕೆಳಗೆ ಹಾಸಿಗೆಯ ಮೇಲೆ ಕೂತವರು ಹಿಡಿದು ಗಿರಾಕಿಯ ಮುಂದೆ ಬಿಚ್ಚುತ್ತಾರೆ. ಇವರು ಮೇಲೆ ನೋಡುತ್ತಲೂ ಇರಲಿಲ್ಲ. ಗಿರಾಕಿಯ ಮುಖ ನೋಡುತ್ತಾ, ಅಕ್ಕಾ ಈ ಅಂಚು ನಿಮಗೆ ಹೇಳಿ ಮಾಡಿಸಿದ ಹಾಗೈತೆ ಎನ್ನುತ್ತಾ, ಕೈ ಮಾತ್ರ ಪಕ್ಕಕ್ಕೆ ಚಾಚುತ್ತಿದ್ದರು. ಸೀರೆ ಬಂದು ಅಂಗೈ ಮೇಲೆ ಕೂರುತ್ತಿತ್ತು. ಒಂದು ಸೀರೆಯನ್ನೂ ನೆಲಕ್ಕೆ ಬಿಟ್ಟವರಲ್ಲ. ಈ ಕೈ ಎಲ್ಲಿ ಪಳಗಿದ್ದು ಎಂದು ಯಾರಾದರೂ ಕೇಳಿದರೆ ಮುಗಿಯಿತು. ಕೇಳಿದವರಿಗೆ ಸೀರೆ ಕೊಳ್ಳುವುದು ಮರೆತುಹೋಗುವಷ್ಟು ಹೊತ್ತು ಬೇಸ್‌ಬಾಲ್ ಕಥೆ ಹೇಳುತ್ತಿದ್ದರು.

ಇವರು ಚಳ್ಳಕೆರೆಯಲ್ಲಿ ಹಾಸ್ಟೆಲಿನಲ್ಲಿದ್ದು ಹೈಸ್ಕೂಲು ಓದುವಾಗ ಎಲ್ಲಿಂದಲೋ ಒಬ್ಬ ಡ್ರಿಲ್ ಮೇಷ್ಟ್ರು ವರ್ಗವಾಗಿ ಬಂದರಂತೆ. ಜತೆಯಲ್ಲಿ ಒನಕೆಯಂಥ ಒಂದು ದಾಂಡು, ಬೂಸಾ ತುಂಬಿದ ಹಾಗೆ ಊದಿಕೊಂಡ ಒಂದೆರಡು ಕೈಗವಸು. ಅದು ಬೇಸ್‌ಬಾಲ್ ಎಂಬ ಆಟ ಎಂದು ಮೇಷ್ಟ್ರು ಹೇಳಿದಾಗ ಊರಲ್ಲಿ ಯಾರೂ ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ. ಯಾರಿಗಾದರೂ ಗೊತ್ತಿದ್ದರೆ ತಾನೇ. ಮೈದಾನದ ನಾಲ್ಕು ಮೂಲೆಗೆ ಮರಳು ತುಂಬಿದ ಗೋಣಿಚೀಲ ಇಟ್ಟರು. ಒಬ್ಬ ಚೆಂಡು ಎಸೆಯಬೇಕು, ಇನ್ನೊಬ್ಬ ಹೊಡೆದು ಚೀಲದಿಂದ ಚೀಲಕ್ಕೆ ಓಡಬೇಕು, ಉಳಿದವರು ಚೆಂಡು ಹಿಡಿದು ಅವನನ್ನು ತಡೆಯಬೇಕು. ಇವರು ಕುರಿ ಹಿಂದೆ ಓಡಿ ಬೆಳೆದವರು, ಬಗ್ಗುವುದು, ಪಕ್ಕಕ್ಕೆ ಜಿಗಿಯುವುದು ಸಲೀಸು. ಆದ್ದರಿಂದ ಎರಡನೇ ಚೀಲ ಕಾಯಲು ನಿಲ್ಲಿಸಿದರು. ಚಳಿಗಾಲ ಪೂರ್ತಿ ಇವರ ಕಾಲ ಬುಡದಿಂದ ಒಂದು ಚೆಂಡೂ ದಾಟಿ ಹೋಗಲಿಲ್ಲವಂತೆ. ನಮ್ಮ ಮದುವೆಯಾದ ಹೊಸದರಲ್ಲಿ ಇವರು ಹಿಡಿದ ಚೆಂಡುಗಳು ಇಷ್ಟಿರಲಿಲ್ಲ; ಮಕ್ಕಳಾದ ಮೇಲೆ ಜಾಸ್ತಿಯಾದವು, ಮೊಮ್ಮಕ್ಕಳಾದ ಮೇಲಂತೂ ಲೆಕ್ಕ ತಪ್ಪಿದೆ.

ಆದರೆ ಒಂದು ಚೆಂಡಿನ ಕಥೆ ಮಾತ್ರ ಯಾವತ್ತೂ ಬದಲಾಗಿಲ್ಲ. ಜಿಲ್ಲಾ ಕೇಂದ್ರದ ತಂಡದ ಜತೆ ದೊಡ್ಡ ಪಂದ್ಯ. ಇನ್ನು ಒಬ್ಬನನ್ನು ತಡೆದರೆ ಇವರ ತಂಡ ಗೆದ್ದಂತೆ. ಚೆಂಡು ನೆಲ ಸವರಿಕೊಂಡು ನೆಟ್ಟಗೆ ಇವರ ಕಡೆಗೇ ಬಂತು. ಅದೇ ಹೊತ್ತಿಗೆ ಹೊರಗೆ ಮೇಯುತ್ತಿದ್ದ ಮಂದೆಯಿಂದ ಒಂದು ಎಳೆ ಮರಿ ತಪ್ಪಿಸಿಕೊಂಡು ಮೈದಾನಕ್ಕೆ ನುಗ್ಗಿತು. ಓಡಿಬರುತ್ತಿದ್ದವನ ಬೂಟುಗಾಲಿಗೆ ಅದು ಸಿಕ್ಕೇ ಸಿಗುತ್ತಿತ್ತು. ಇವರು ಬಗ್ಗಿದರು, ಎತ್ತಿಕೊಂಡರು. ಚೆಂಡನ್ನಲ್ಲ, ಮರಿಯನ್ನು. ಚೆಂಡು ಕಾಲಸಂದಿಯಲ್ಲಿ ತೂರಿ ಬೇಲಿ ಸೇರಿತು. ತಂಡ ಸೋತಿತು, ಮೇಷ್ಟ್ರು ಮಾತು ಬಿಟ್ಟರು, ಮುಂದಿನ ವರ್ಷ ದಾಂಡಿನ ಸಮೇತ ಬೇರೆ ಊರಿಗೆ ವರ್ಗವಾದರು. ಅಲ್ಲಿಗೆ ನಮ್ಮ ಸೀಮೆಯ ಬೇಸ್‌ಬಾಲೂ ಮುಗಿಯಿತು, ಇವರ ಆಟದ ಬದುಕೂ ಮುಗಿಯಿತು. ಇದನ್ನು ಹೇಳುವಾಗ ಇವರ ಮುಖದಲ್ಲಿ ಸೋತ ಕಳೆ ಇರುವುದಿಲ್ಲ. ಮರಿ ಎಷ್ಟು ಬೆಚ್ಚಗಿತ್ತು ಎಂದು ಎರಡೂ ಕೈ ಎದೆಗಿಟ್ಟು ತೋರಿಸುತ್ತಾರೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಮನೆಮನೆಗೂ ಕೇಬಲ್ ಟೀವಿ ಬಂದು ಹುಡುಗರಿಗೆಲ್ಲ ಪಾಪ್ ಹಾಡಿನ ಹುಚ್ಚು ಹಿಡಿದಿತ್ತು. ಚಳ್ಳಕೆರೆಯ ಒಂದು ಯುವಕ ಸಂಘದವರು ರಾಜ್ಯೋತ್ಸವಕ್ಕೆ ಪಾಪ್ ಹಾಡಿನ ಸ್ಪರ್ಧೆ ಇಟ್ಟರು. ಸಿನಿಮಾ ಹಾಡು ಕೂಡದು, ಸ್ವಂತ ಹಾಡೇ ಆಗಬೇಕು. ಮೊದಲ ಸುತ್ತು ಮೊಳಕಾಲ್ಮೂರಿನಲ್ಲಿ, ಕೊನೆಯ ಸುತ್ತು ಚಳ್ಳಕೆರೆಯಲ್ಲಿ. ಕರಪತ್ರದಲ್ಲಿ ವಯಸ್ಸು ಎಷ್ಟಿರಬೇಕು ಎಂದು ಬರೆಯುವುದನ್ನು ಮರೆತಿದ್ದರು. ನಾನು ನೋಡಿದ್ದು ಅಷ್ಟೇ. ನನ್ನ ತವರು ಬಿ.ಜಿ. ಕೆರೆಯಲ್ಲಿ ಮದುವೆಗಳಲ್ಲಿ ಬೀಗರನ್ನು ಹಾಡಿನಲ್ಲಿ ಬೈಯುವ ಪದ್ಧತಿ ಇದೆ. ಅದರಲ್ಲಿ ನನ್ನ ಗಂಟಲಿಗೆ ಹೆದರಿ ಗಂಡಿನ ಕಡೆಯವರು ಊಟದ ಪಂಕ್ತಿ ಬದಲಿಸುತ್ತಿದ್ದ ಕಾಲವಿತ್ತು. ಬೀಗರಿಗೆ ಹಾಡಿದ್ದನ್ನು ಮನೆಯವರಿಗೆ ಯಾಕೆ ಹಾಡಬಾರದು ಎನ್ನಿಸಿತು. ರೊಟ್ಟಿ ತಟ್ಟುತ್ತಾ ಹಾಡು ಕಟ್ಟಿದೆ. ಆರ್ಕೆಸ್ಟ್ರಾದ ಕೀಬೋರ್ಡಿನವನು ಯಾವ ಶ್ರುತಿ ಆಂಟಿ ಎಂದ. ರಾಗಿ ಬೀಸುವ ಶ್ರುತಿ ಎಂದೆ. ಪಾಪ, ಹೇಗೋ ಹುಡುಕಿಕೊಂಡ.

ಎರಡನೇ ಚೀಲ ಕಾಯೋ ದೊರೆಯೇ, ಎಲ್ಲಿ ಹೋಯ್ತೋ ಚೆಂಡು
ಮರಿಯ ಎತ್ತಿ ನಿಂತೀಯಲ್ಲೋ ಎದೆಗೆ ಒತ್ತಿಕೊಂಡು
ಊರೇ ಕೂಗ್ತು ಓಡೋ ಓಡೋ, ನೀನು ನಿಂತೆ ನಕ್ಕೊಂಡು

ಮೊದಲ ಸುತ್ತಿನಲ್ಲಿ ಹಾಡು ಮುಗಿಯುವುದರೊಳಗೆ ಊರು ಎರಡಾಯಿತು. ಮನೆ ಮಗ್ಗದ ಹೆಂಗಸರು, ಗಿರಣಿಯವರು, ಹುಡುಗರು ಎಲ್ಲ ಒಂದು ಕಡೆ. ಗಂಗಕ್ಕನ ತವರು ಗಡಿಯಾಚೆಯ ಆಂಧ್ರ, ಸಂತೋಷ ಬಂದರೆ ಅವಳಿಗೆ ತೆಲುಗೇ ಬರುವುದು. ‘ಏಮಿ ಪಾಟಕ್ಕಾ ಇದಿ’, ಎಂಥ ಹಾಡಕ್ಕ ಇದು ಎಂದು ನನ್ನ ಕೆನ್ನೆ ಹಿಂಡಿದಳು. ಇನ್ನೊಂದು ಕಡೆ ಸಭ್ಯಸ್ಥರು. ಕನ್ನಡಾಂಬೆಯ ಪಟದ ಮುಂದೆ ಕಾಲಸಂದಿಯ ಹಾಡೇ, ಹೆಂಗಸು ಅನ್ನಿಸಿಕೊಂಡವಳು ದೊರೆ ದೊರೆ ಅಂತ ಡಿಸ್ಕೋ ತಾಳಕ್ಕೆ ಕುಣಿಯುವುದೇ ಎಂದು ಅವರು. ನಾನು ಕುಣಿದಿರಲಿಲ್ಲ, ಮಂಡಿನೋವಿಗೆ ಕಾಲು ಬದಲಿಸಿ ನಿಂತಿದ್ದೆ, ಅಷ್ಟೇ. ತೀರ್ಪುಗಾರರಲ್ಲೂ ಒಬ್ಬರು ನನ್ನನ್ನು ಮೊದಲನೆಯವಳು ಎಂದರಂತೆ, ಇನ್ನೊಬ್ಬರು ವೇದಿಕೆಯಿಂದ ಇಳಿಸಿ ಎಂದರಂತೆ. ಜಗಳ ಹರಿಯದೆ ಕೊನೆಯ ಸುತ್ತಿಗೆ ಕಳಿಸಿದರು. ಮಾರನೆಯ ದಿನ ದೇವಸಮುದ್ರದ ಬಸ್ಸಿನಲ್ಲೂ ಇದೇ ಮಾತು. ಹಾಡು ಮೆಚ್ಚಿದವರು ಎಡಗಡೆ, ಮೆಚ್ಚದವರು ಬಲಗಡೆ ಕೂತಿದ್ದರಂತೆ. ಕಂಡಕ್ಟರ್ ಮಾತ್ರ ನಡುವೆ ನಿಂತು ಎರಡೂ ಕಡೆ ತಲೆದೂಗುತ್ತಿದ್ದನಂತೆ.

ನಾನು ಎಣಿಸದೆ ಇದ್ದದ್ದು ಒಂದೇ. ಹಾಡಿನಲ್ಲಿ ಇವರ ಹೆಸರಿರಲಿಲ್ಲ. ಹೇಗೆ ಇರುತ್ತದೆ ಹೇಳಿ. ಹೆಸರಿಲ್ಲದ ಮೇಲೆ ಜನ ತಮಗೆ ಗೊತ್ತಿದ್ದ ಹೆಸರು ತುಂಬಿಕೊಂಡರು. ಆ ಹಳೆಯ ತಂಡದಲ್ಲಿ ಎಲ್ಲರಿಗೂ ಗೊತ್ತಿದ್ದವರೆಂದರೆ ಚಳ್ಳಕೆರೆಯ ಎಣ್ಣೆ ಮಿಲ್ಲಿನ ರುದ್ರಣ್ಣ. ಇವರ ಗೆಳೆಯರೇ. ತಂಡದ ಫೋಟೋ ಅವರ ಮಿಲ್ಲಿನ ಗೋಡೆಯಲ್ಲಿ ಕಡಲೆಕಾಯಿ ಮೂಟೆಗಳ ಮೇಲೆ ತೂಗುತ್ತಿತ್ತು. ಪಾಪ್ ಹಾಡು ಎಂದರೆ ಯಾರೋ ಯಾರ ಮೇಲೋ ಹಾಡುವುದು, ಹಾಡಿನ ದೊರೆ ಹಾಡುವವಳ ಗಂಡನೇ ಆಗಿರಬೇಕೆಂದು ಏನಿದೆ ಎಂದು ಜನ ತೀರ್ಮಾನಿಸಿಬಿಟ್ಟರು. ನಮ್ಮ ರುದ್ರಣ್ಣನ ಮೇಲೆ ಎಂಥ ಹಾಡು ಬಂದೈತೆ ಎಂದು ಊರೆಲ್ಲ ಸುದ್ದಿ. ರುದ್ರಣ್ಣ ಹೌದು ಅನ್ನಲಿಲ್ಲ. ಅಲ್ಲ ಅಂತಲೂ ಅನ್ನಲಿಲ್ಲ. ಏನೋ, ಆಗಿನ ಕಾಲದಲ್ಲಿ ಆಡ್ತಿದ್ವಿ ಬಿಡ್ರಪ್ಪ ಎಂದು ಮೀಸೆಯೊಳಗೇ ನಕ್ಕರು.

ಅಷ್ಟಾಗಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಅದೇ ವರ್ಷ ಮೊಳಕಾಲ್ಮೂರಿನ ಹೈಸ್ಕೂಲಿನಲ್ಲಿ ಹೆಣ್ಣುಮಕ್ಕಳ ಸಾಫ್ಟ್‌ಬಾಲ್ ತಂಡ ಕಟ್ಟುತ್ತಿದ್ದರು. ಅದು ಬೇಸ್‌ಬಾಲಿನ ತಂಗಿಯಂಥ ಆಟ. ಹೊಸದಾಗಿ ಬಂದ ಡ್ರಿಲ್ ಟೀಚರಮ್ಮ ಆಟ ಬಲ್ಲ ಹಿರಿಯರು ಯಾರಾದರೂ ಸಂಜೆ ಬಂದು ಹೇಳಿಕೊಟ್ಟರೆ ಚೆನ್ನ ಎಂದು ಹುಡುಕುತ್ತಿದ್ದಳು. ಆ ಸುದ್ದಿ ಕಿವಿಗೆ ಬಿದ್ದ ದಿನದಿಂದ ಇವರು ಒಗೆದ ಬಿಳಿ ಷರ್ಟು ಗೂಟಕ್ಕೆ ತೂಗಿಟ್ಟುಕೊಂಡು ಕರೆಯುತ್ತಾರೆ ಎಂದು ಕಾಯುತ್ತಿದ್ದರು. ಬಾಯಿಬಿಟ್ಟು ಹೇಳುವವರಲ್ಲ. ಅಂಗಡಿಯಿಂದ ಬರುವಾಗ ಸುಮ್ಮನೆ ಮೈದಾನ ಸುತ್ತಿಕೊಂಡು ಬರುತ್ತಿದ್ದರು. ಹಾಡು ಕೇಳಿದ ಟೀಚರಮ್ಮ ಹಾಡಿನ ಮನುಷ್ಯ ಯಾರೆಂದು ವಿಚಾರಿಸಿದಳು. ಜನ ರುದ್ರಣ್ಣ ಎಂದರು. ಚಳ್ಳಕೆರೆಗೆ ಹೋಗಿ ಅವರನ್ನೇ ಕರೆದುಕೊಂಡು ಬರುತ್ತೇನೆ ಎಂದಳು.

ಆ ದಿನ ಅಂಗಡಿಯಲ್ಲಿ ಮೇಲಿಂದ ಎಸೆದ ಸೀರೆ ಮೊದಲ ಸಲ ಇವರ ಕೈ ತಪ್ಪಿ ನೆಲಕ್ಕೆ ಬಿತ್ತು. ಮನೆಗೆ ಬಂದವರು ನನ್ನ ಜತೆ ಮಾತು ಬಿಟ್ಟರು. ಉಪ್ಪು ಬೇಕಿದ್ದರೆ ಗೋಡೆಗೆ ಹೇಳುವರು. ಅತ್ತೆ ಗೋಡೆಯ ಪರವಾಗಿ ನನಗೆ ಹೇಳುವರು. ಚೆಂಡು ಬಿಟ್ಟದ್ದನ್ನು ಊರ ಮುಂದೆ ಹಾಡಿದ್ದಕ್ಕೆ ಅವಮಾನವಾಯಿತೇನೋ ಎಂದು ನಾನು ಸಮಾಧಾನ ಮಾಡಲು ಹೋದೆ. ಹೇಗೂ ಜನ ರುದ್ರಣ್ಣನನ್ನು ನೋಡಿ ನಗುತ್ತಿದ್ದಾರೆ, ನಿಮ್ಮನ್ನಲ್ಲವಲ್ಲ ಎಂದೆ. ಆಗ ಇವರು ಗೋಡೆ ಬಿಟ್ಟು ನನ್ನ ಕಡೆ ತಿರುಗಿದರು.

‘ಆ ಚೆಂಡು ಬಿಟ್ಟೋನು ನಾನು. ರುದ್ರ ಎಲ್ಲಿದ್ದ? ದೂರ ಹುಣಸೇಮರದ ಕೆಳಗೆ ನಿಂತಿದ್ದ. ಅವನ ತಾವ ಚೆಂಡೇ ಬರ್ತಿರ್ಲಿಲ್ಲ, ಬಿಡೋದು ಎಲ್ಲಿಂದ ಬಂತು? ಮರಿ ಎತ್ತಿದ್ದು ಯಾವ ಕೈ? ಈ ಕೈ.’

ಗೆದ್ದ ಕೀರ್ತಿಗೆ ಜಗಳವಾಡುವವರನ್ನು ನೋಡಿದ್ದೇನೆ, ಸೋಲು ಕಳವಾಯಿತು ಎಂದು ಅಳುಮುಖ ಮಾಡಿದ ಗಂಡಸನ್ನು ಅವತ್ತೇ ನೋಡಿದ್ದು. ನಗು ಬಂತು, ಸೆರಗು ಬಾಯಿಗೆ ಇಟ್ಟುಕೊಂಡೆ. ಆದರೆ ಗೂಟದಲ್ಲಿ ತೂಗುತ್ತಿದ್ದ ಬಿಳಿ ಷರ್ಟು ಕಣ್ಣಿಗೆ ಬಿದ್ದು ಆ ನಗು ಅಲ್ಲೇ ನಿಂತಿತು. ಇವರ ಬೇಡಿಕೆ ಒಂದೇ. ಚಳ್ಳಕೆರೆಯಲ್ಲಿ ಹಾಡುವಾಗ ನನ್ನ ಹೆಸರು ಹೇಳು, ಹೇಳದೆ ಇದ್ದರೆ ಹಾಡಲೇಬೇಡ. ನೀವೇ ಹೋಗಿ ಟೀಚರಮ್ಮನಿಗೆ ಹೇಳಿ ಎಂದೆ. ನಾನೇ ಹೋಗಿ ನಾನು ಅಂತ ಹೇಳಿಕೊಳ್ಳಲೇ, ನಾಚಿಕೆ ಆಗುವುದಿಲ್ಲವೇ ಎಂದರು. ಹೆಂಡತಿಯ ಬಾಯಲ್ಲಿ ಬರಬೇಕಂತೆ.

ಒಳಗಿನಿಂದ ಅತ್ತೆಯ ಉತ್ತರ ಬಂತು. ‘ನನ್ ಮಗನ ಹೆಸ್ರು ನೀನು ಮೈಕಿನಾಗ ಕೂಗಿದ್ರೆ ಚಳ್ಳಕೆರೆಯಿಂದ ಹಂಗೇ ತೌರಿಗೆ ಹೋಗವ್ವ. ಬಸ್ಸು ಆ ಕಡಿಗೂ ಐತೆ.’

ಹೇಳದಿದ್ದರೆ ಮಗ ಮಾತಾಡುವುದಿಲ್ಲ, ಹೇಳಿದರೆ ತಾಯಿ ಮನೆಗೆ ಸೇರಿಸುವುದಿಲ್ಲ. ಸ್ಪರ್ಧೆಗೆ ಬರುವುದೇ ಇಲ್ಲ ಎನ್ನಬಹುದಿತ್ತು. ಆದರೆ ಹಾಗೆಂದರೆ ಸಭ್ಯಸ್ಥರು ಗೆದ್ದಂತೆ. ಅದಕ್ಕಿಂತ ತವರು ಮನೆಯೇ ವಾಸಿ. ನಾನು ಹಾಡುತ್ತೇನೆ ಎಂದೆ. ಹೇಗೆ ಎಂದು ಹೇಳಲಿಲ್ಲ, ಯಾಕೆಂದರೆ ನನಗೂ ಆಗ ಗೊತ್ತಿರಲಿಲ್ಲ. ಅತ್ತೆ ನನ್ನ ಮೇಲೆ ಕಣ್ಣಿಡಲು ತಾವೇ ಬಸ್ಸು ಹತ್ತಿದರು. ಇವರು ನಾನು ಬರೋದಿಲ್ಲ ಎಂದು ಅಂಗಡಿಗೆ ಹೋದರು. ಬಸ್ಸಿನಲ್ಲಿ ಅತ್ತೆ ಪಕ್ಕದಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಾ, ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಬಾಯೊಳಗೇ ಹೊಸ ಪದ ಕಟ್ಟುತ್ತಿದ್ದೆ.

ಚಳ್ಳಕೆರೆಯ ಪೆಂಡಾಲು ತುಂಬಿತ್ತು. ಮುಂದಿನ ಸಾಲಿನಲ್ಲಿ ರುದ್ರಣ್ಣ, ಇಸ್ತ್ರಿ ಮಾಡಿದ ಜುಬ್ಬಾ, ಹಿಂದಿನ ಸಾಲಿನಲ್ಲಿ ಅವರ ಹೆಂಡತಿ. ಟೀಚರಮ್ಮನೂ ಬಂದಿದ್ದಳು. ಅತ್ತೆ ಕೋಲು ಊರಿಕೊಂಡು ನನ್ನ ನೇರಕ್ಕೆ ಕೂತರು. ನಿರೂಪಣೆಯ ಹುಡುಗ ನನ್ನನ್ನು ಕರೆಯುವ ಮುಂಚೆ, ಈ ಹಾಡಿನ ನಾಯಕರು ನಮ್ಮ ಮುಂದೆಯೇ ಕೂತಿದ್ದಾರೆ ಎಂದ. ಎಲ್ಲರೂ ರುದ್ರಣ್ಣನ ಕಡೆ ತಿರುಗಿದರು. ಅವರು ಕೂತಲ್ಲೇ ಕೈ ಮುಗಿದರು. ನಾನು ಹಳೆಯ ಪದವನ್ನು ಹಾಡಿ ಮುಗಿಸಿ, ಕೀಬೋರ್ಡಿನವನಿಗೆ ನಿಲ್ಲಿಸಬೇಡ ಎಂದು ಸನ್ನೆ ಮಾಡಿ, ‘ದೊರೆ’ಯನ್ನು ಅಲ್ಲೇ ಬಿಟ್ಟು ಹೊಸದು ಎತ್ತಿಕೊಂಡೆ.

ಗೊರಕೆ ಹೊಡುದ್ರೆ ಗಿರಣಿ ನಾಚ್ತೈತೆ, ನಡುಗ್ತೈತೆ ಮನೆಕಂಬ
ಎದ್ದು ನಿಲ್ಲೋ ನನ್ನ ಗಂಡ, ಜನ ನೋಡ್ಲಿ ಕಣ್ತುಂಬ

ಜನ ಹೋ ಎಂದರು. ಎಲ್ಲರ ಕಣ್ಣೂ ರುದ್ರಣ್ಣನ ಮೇಲೆ. ಸಭೆ ಸಮಾರಂಭಗಳಲ್ಲಿ ಎದ್ದು ನಿಲ್ಲಿ ಎಂದರೆ ಎದ್ದು ನಿಂತು ಅಭ್ಯಾಸವಾದ ದೊಡ್ಡ ಮನುಷ್ಯ. ಮಾತಿನ ಅರ್ಥ ತಲೆಗೆ ಹೋಗುವ ಮುಂಚೆ ಕಾಲು ಎದ್ದುಬಿಟ್ಟವು. ಎದ್ದು, ಸುತ್ತ ತಿರುಗಿ, ನಾಲ್ಕೂ ದಿಕ್ಕಿಗೆ ನಮಸ್ಕಾರ ಮಾಡಿದರು. ಹಿಂದಿನ ಸಾಲಿನಿಂದ ಒಂದು ಕೈ ಬಂದು ಅವರ ಜುಬ್ಬಾದ ತುದಿ ಹಿಡಿಯಿತು.

‘ಕುಂತ್ಕಳ್ರಿ,’ ಎಂದರು ಅವರ ಹೆಂಡತಿ, ಮೆಲ್ಲಗೆ. ಆದರೆ ಸುತ್ತಲಿನ ಸಾಲಿಗೆಲ್ಲ ಕೇಳಿಸಿತು. ‘ಯಾರ ಗಂಡ ಅಂತ ಎದ್ದು ನಿಂತ್ರಿ?’

ನಾನು ನೋಡುತ್ತಿದ್ದದ್ದು ಅವರನ್ನಲ್ಲ, ನಮ್ಮ ಅತ್ತೆಯನ್ನು. ಸೊಸೆ ಗಂಡ ಎಂದು ಕರೆದರೆ ಇನ್ನೊಬ್ಬ ಗಂಡಸು ಎದ್ದು ನಿಂತಿದ್ದಾನೆ. ಅತ್ತೆಯ ದವಡೆ ಎಲೆ ಅಡಿಕೆಯ ಮೇಲೆ ನಿಂತುಹೋಯಿತು. ರುದ್ರಣ್ಣನನ್ನು ಮೇಲಿಂದ ಕೆಳಗೆ ನೋಡಿದರು. ನಾನು ಬೇಕೆಂದೇ ಅದೇ ಸಾಲನ್ನು ಇನ್ನೊಮ್ಮೆ ಹಾಡಿದೆ, ಸ್ವಲ್ಪ ಎಳೆದು. ಅತ್ತೆ ಕೋಲು ಊರಿ ಎದ್ದರು. ಕಾವಲಿನಲ್ಲಿ ಗುಡ್ಡದಾಚೆಯ ಕುರಿಯನ್ನು ಕರೆದ ಗಂಟಲು ಅದು, ಅದಕ್ಕೆ ಮೈಕು ಬೇಕಿರಲಿಲ್ಲ. ತಾಯಿ ಮಗನ ಹೆಸರು ಹೇಳಬಾರದು ಎಂದು ಯಾವ ಶಾಸ್ತ್ರವೂ ಇಲ್ಲ. ಮೊದಲು ಹೆಸರು ಕೂಗಿದರು. ಮನೆಯಲ್ಲಿ ಕರೆಯುವ ಮೊಟಕು ಹೆಸರಲ್ಲ, ಅಪ್ಪನ ಹೆಸರೊಂದನ್ನು ಬಿಟ್ಟು, ಊರಿನ ಹೆಸರೂ ಸೇರಿಸಿ ಉಳಿದದ್ದೆಲ್ಲ. ಆಮೇಲೆ ಅಂದರು:

‘ಎಲ್ಲಿ ಸತ್ತೀಯಲೇ? ಎದ್ದು ನಿಂತ್ಕ. ನಿನ್ ಹೆಂಡ್ರು ಕರದ್ರೆ ಊರೋರೆಲ್ಲ ಏಳ್ತಾವ್ರೆ.’

ಬರುವುದಿಲ್ಲ ಎಂದಿದ್ದ ಮನುಷ್ಯ ಪೆಂಡಾಲಿನ ಹಿಂದಿನ ಕಂಬದ ಮರೆಯಿಂದ ಎದ್ದು ನಿಂತರು. ಬಿಳಿ ಷರ್ಟು ಹಾಕಿಕೊಂಡು ಬಂದಿದ್ದರು. ಇಷ್ಟು ಜನ ಒಟ್ಟಿಗೆ ತಿರುಗಿ ನೋಡಿದ್ದೇ ಕೈಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮುಗಿಯಲಿಲ್ಲ, ಬೀಸಲಿಲ್ಲ. ಮಂಡಿ ಬಗ್ಗಿಸಿ, ಎರಡೂ ಅಂಗೈ ನೆಲದ ಹತ್ತಿರ ಚಾಚಿ, ಚೆಂಡು ಬರುವುದನ್ನು ಕಾಯುವ ಹಾಗೆ ನಿಂತುಬಿಟ್ಟರು. ಜನ ನಕ್ಕರು, ಆಮೇಲೆ ಚಪ್ಪಾಳೆ ಹೊಡೆದರು. ಎಷ್ಟು ಹೊತ್ತು ಹೊಡೆದರೆಂದರೆ, ನಾನು ಕಟ್ಟಿಕೊಂಡು ಬಂದಿದ್ದ ಇನ್ನೊಂದು ಪದ ಹಾಡಲು ಆಗಲೇ ಇಲ್ಲ. ಅದು ಇವರ ಮೀಸೆಯ ಮೇಲಿತ್ತು, ಚೆನ್ನಾಗಿತ್ತು.

ಬಹುಮಾನ ಬರಲಿಲ್ಲ. ತೀರ್ಪುಗಾರರು ಅಲ್ಲೂ ಎರಡು ಭಾಗವಾದರು, ನಡುವೆ ಒಬ್ಬ ಹುಡುಗ ಇಂಗ್ಲಿಷು ಬೆರೆಸಿ ಹಾಡಿ ಗೆದ್ದುಕೊಂಡು ಹೋದ. ಸಭ್ಯಸ್ಥರು ಇವತ್ತಿಗೂ ನನ್ನನ್ನು ಕಂಡರೆ ರಸ್ತೆಯ ಆ ಬದಿಗೆ ಹೋಗುತ್ತಾರೆ. ರುದ್ರಣ್ಣ ಮುಂದಿನ ವಾರ ಮನೆಗೆ ಬಂದು, ನಿನ್ನ ಹಾಡಿನಿಂದ ನಮ್ಮ ಮನೇಲಿ ನನಗೆ ಬಿಸಿ ಅನ್ನ ಇಲ್ಲದ ಹಾಗಾಯ್ತಲ್ಲಮ್ಮ ಎಂದು ನಗುತ್ತಾ ಎರಡು ಲೋಟ ಕಾಫಿ ಕುಡಿದು ಹೋದರು. ಅತ್ತೆ ಮಾತ್ರ ತಾವೇ ಹೆಸರು ಕೂಗಿ ನನ್ನ ಕೆಲಸ ಮಾಡಿಕೊಟ್ಟದ್ದನ್ನು ಕೊನೆಯವರೆಗೂ ಒಪ್ಪಲಿಲ್ಲ. ಸೊಸೆಯ ಬಾಯಲ್ಲಿ ಮಗನ ಹೆಸರು ಬಾರದ ಹಾಗೆ ಕಾದೆ ಎಂದೇ ಎಲ್ಲರಿಗೂ ಹೇಳುತ್ತಿದ್ದರು.

ಟೀಚರಮ್ಮ ಸೀರೆ ಅಂಗಡಿಗೆ ಬಂದಳು, ಸೀರೆ ಕೊಳ್ಳಲಿಲ್ಲ. ಆ ಸಂಜೆಯಿಂದ ಇವರು ಅಂಗಡಿ ಮುಗಿಸಿ ಮೈದಾನಕ್ಕೆ ಹೋಗುತ್ತಿದ್ದರು, ಎಷ್ಟೋ ವರ್ಷ. ಒಮ್ಮೆ ನಾನು ಬೇಲಿಯ ಹೊರಗೆ ನಿಂತು ನೋಡಿದ್ದೇನೆ. ಮಂಡಿ ಬಗ್ಗಿಸ್ರೀ, ಕಣ್ಣು ಚೆಂಡಿನ ಮೇಲಿರಲಿ ಎಂದು ಹೇಳಿಕೊಡುತ್ತಿದ್ದರು. ಎರಡು ಜಡೆಯ ಒಂದು ತರಲೆ ಹುಡುಗಿ, ಸಾರ್, ಮರಿ ಬಂದರೆ ಏನು ಮಾಡಬೇಕು ಎಂದು ಕೇಳಿದಳು. ಉಳಿದವರು ಕಿಸಕ್ಕೆಂದರು. ಇವರಿಗೆ ಕೋಪ ಬರಲಿಲ್ಲ.

‘ಮರೀನೇ ಎತ್ಕಳವ್ವ,’ ಎಂದರು. ‘ಚೆಂಡು ಯಾರಾನ ತಂದ್ಕೊಡ್ತಾರೆ.’

ಇಷ್ಟನ್ನು ಟೈಪ್ ಮಾಡಲು ನನಗೆ ಒಂದು ವಾರ ಹಿಡಿಯಿತು. ಮುಗಿಸಿ ಇವರ ಕೈಗೆ ಫೋನು ಕೊಟ್ಟೆ. ಕನ್ನಡಕ ಏರಿಸಿ, ಬೆರಳಿನಿಂದ ಸರಿಸುತ್ತಾ ಸರಿಸುತ್ತಾ ಕೊನೆಯವರೆಗೂ ಓದಿದರು. ಮರಿಯ ಜಾಗ ಬಂದಾಗ ಎರಡು ಸಲ ಓದಿದರು. ಆಮೇಲೆ ಮುಖ ಎತ್ತಿ, ಎಲ್ಲಾ ಸರಿ, ಇದರಾಗೆ ನನ್ನ ಹೆಸರು ಎಲ್ಲೈತೆ ಎಂದರು. ಅತ್ತೆ ಈಗಿಲ್ಲ, ಎದ್ದು ಕೂಗುವವರು ಯಾರು. ಓದಿದವರು ಮತ್ತೆ ರುದ್ರನೇ ಅಂದ್ಕಂತಾರೆ ಎಂದು ಮುಖ ಚಿಕ್ಕದು ಮಾಡಿಕೊಂಡರು. ಮೊದಲು ನನ್ನ ಹೆಸರು ಎಲ್ಲಿದೆ ಹುಡುಕಿ ಎಂದೆ. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹುಡುಕಿದರು. ಅದೂ ಇರಲಿಲ್ಲ. ಇವರ ಹೆಸರನ್ನು ಕಾಪಾಡುವ ಗಡಿಬಿಡಿಯಲ್ಲಿ ನನ್ನದನ್ನು ಹಾಕುವುದೇ ನನಗೆ ನೆನಪಾಗಿರಲಿಲ್ಲ. ನಾಳೆ ಯಾವಳಾದರೂ ಎದ್ದು ನಿಂತು ಇದನ್ನು ಬರೆದವಳು ನಾನೇ ಎಂದರೆ, ಅಲ್ಲ ಎಂದು ನನ್ನ ಹೆಸರು ಕೂಗಲು ಈಗ ಉಳಿದಿರುವವರು ಇವರೊಬ್ಬರೇ. ಇವರೋ, ಮದುವೆಯಾದ ದಿನದಿಂದ ಇವತ್ತಿನವರೆಗೆ ನನ್ನನ್ನು ಕರೆದಿರುವುದು ‘ಏಯ್, ಇವಳೇ’ ಎಂದು.